ಪರೀಕ್ಷೆಗೂ ಮಾತ್ರೆಗೂ ನಡುವೆ: ಎಚ್‌ಐವಿ ಆರೋಗ್ಯ ಶಿಕ್ಷಕರು ಮಾಡುವ ಕೆಲಸವೇನು?

2024ರ ಕೊನೆಗೆ ಜಗತ್ತಿನಲ್ಲಿ ಎಚ್‌ಐವಿ ಜತೆ ಬದುಕುತ್ತಿದ್ದವರು ಸುಮಾರು 4 ಕೋಟಿ 8 ಲಕ್ಷ ಮಂದಿ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವಾದ ಯುಎನ್‌ಏಡ್ಸ್ ಲೆಕ್ಕದ ಪ್ರಕಾರ ಅವರಲ್ಲಿ ತಮಗೆ ಸೋಂಕಿದೆ ಎಂದು ಗೊತ್ತಿದ್ದವರು ನೂರಕ್ಕೆ 87. ಗೊತ್ತಿದ್ದವರಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು ನೂರಕ್ಕೆ 89. ಚಿಕಿತ್ಸೆಯಲ್ಲಿದ್ದವರ ಪೈಕಿ ವೈರಸ್ ಹತೋಟಿಗೆ ಬಂದಿದ್ದದ್ದು ನೂರಕ್ಕೆ 94 ಮಂದಿಗೆ. ಬಿಡಿಬಿಡಿಯಾಗಿ ನೋಡಿದರೆ ಮೂರೂ ಒಳ್ಳೆಯ ಅಂಕಗಳೇ. ಒಂದಕ್ಕೊಂದು ಗುಣಿಸಿ ನೋಡಿದರೆ ಉಳಿಯುವುದು 73. ಅಂದರೆ ಸೋಂಕಿರುವ ನೂರು ಜನರಲ್ಲಿ 27 ಮಂದಿ ದಾರಿಯಲ್ಲಿ ಎಲ್ಲೋ ಕೈತಪ್ಪಿದ್ದಾರೆ. ಚಿಕಿತ್ಸೆಯೇ ಇಲ್ಲದವರು 92 ಲಕ್ಷ. ಅದೇ ವರ್ಷ 13 ಲಕ್ಷ ಜನರಿಗೆ ಹೊಸದಾಗಿ ಸೋಂಕು ತಗುಲಿತು, ಏಡ್ಸ್ ಸಂಬಂಧಿತ ಕಾಯಿಲೆಗಳಿಂದ 6 ಲಕ್ಷ 30 ಸಾವಿರ ಜನ ತೀರಿಕೊಂಡರು.

ಇಷ್ಟೂ ಆದದ್ದು ಒಳ್ಳೆಯ ಔಷಧ ಕೈಯಲ್ಲಿರುವ ಕಾಲದಲ್ಲಿ. ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50, ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು ಸಲ. ಹಾಗಿದ್ದರೆ ಆ 27 ಮಂದಿ ಎಲ್ಲಿ ಕಳೆದುಹೋಗುತ್ತಾರೆ? ಹೆಚ್ಚಿನವರು ಎರಡು ಬಾಗಿಲುಗಳ ನಡುವೆ. ಭಯದಿಂದ ಪರೀಕ್ಷೆಯ ಕೋಣೆಗೆ ಬಾರದವರಿದ್ದಾರೆ, ಪಾಸಿಟಿವ್ ಎಂದು ತಿಳಿದ ಮೇಲೆ ಎಆರ್‌ಟಿ (ಎಚ್‌ಐವಿ ಹತೋಟಿಯ ಔಷಧ ಚಿಕಿತ್ಸೆ) ಕೇಂದ್ರದವರೆಗೆ ಹೋಗದವರಿದ್ದಾರೆ, ಮೂರು ತಿಂಗಳು ಮಾತ್ರೆ ನುಂಗಿ ನಾಲ್ಕನೇ ತಿಂಗಳು ಕಾಣೆಯಾದವರಿದ್ದಾರೆ. ಈ ನಡುವಿನ ಜಾಗದಲ್ಲಿ ಕೆಲಸ ಮಾಡುವವರೇ ಸಮುದಾಯದ ಎಚ್‌ಐವಿ ಆರೋಗ್ಯ ಶಿಕ್ಷಕರು. ಪೀರ್ ಎಜುಕೇಟರ್, ಔಟ್‌ರೀಚ್ ವರ್ಕರ್ ಎಂದು ಊರಿಗೊಂದು ಯೋಜನೆಗೊಂದು ಹೆಸರಿರಬಹುದು. ಕರಪತ್ರ ಹಂಚಿ, ಭಾಷಣ ಮಾಡಿ ಹೋಗುವವರು ಎಂಬ ಕಲ್ಪನೆ ಇವರ ಬಗ್ಗೆ ಇನ್ನೂ ಇದೆ. 2025ರಲ್ಲಿ ಅಮೆರಿಕದ ನೆರವಿನ ಹಣಕ್ಕೆ ಕತ್ತರಿ ಬಿದ್ದಾಗ ಈ ಹುದ್ದೆಗಳು ಅಷ್ಟು ಸುಲಭವಾಗಿ ಹೋದದ್ದಕ್ಕೆ ಆ ಕಲ್ಪನೆಯೂ ಕಾರಣ.

ಹುದ್ದೆ ಹುಟ್ಟಿದ್ದು ಹೇಗೆ

ಈ ಕೆಲಸವನ್ನು ಯಾವ ಆರೋಗ್ಯ ಇಲಾಖೆಯೂ ಕೂತು ರೂಪಿಸಲಿಲ್ಲ. 1981ರ ಜೂನ್ 5ರಂದು ಲಾಸ್ ಏಂಜಲಿಸ್‌ನ ಐವರು ಯುವಕರ ವಿಚಿತ್ರ ನ್ಯುಮೋನಿಯಾ ಬಗ್ಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮೊದಲ ವರದಿ ಪ್ರಕಟಿಸಿತು. ಅದಾದ ಎರಡೇ ವರ್ಷಕ್ಕೆ, 1983ರಲ್ಲಿ, ಡೆನ್ವರ್ ನಗರದ ಒಂದು ಸಮ್ಮೇಳನದಲ್ಲಿ ಏಡ್ಸ್ ಇದ್ದವರೇ ಎದ್ದುನಿಂತು ಒಂದು ಹೇಳಿಕೆ ಓದಿದರು. ನಮ್ಮನ್ನು ಬಲಿಪಶುಗಳೆಂದು ಕರೆಯಬೇಡಿ, ನಮ್ಮ ಬಗ್ಗೆ ತೀರ್ಮಾನ ಆಗುವ ಎಲ್ಲ ಹಂತದಲ್ಲೂ ನಾವಿರಬೇಕು ಎಂಬುದು ಅದರ ತಿರುಳು. 1987ರಲ್ಲಿ ಉಗಾಂಡಾದ ನೊಯೆರಿನ್ ಕಲೀಬಾ ಮತ್ತು ಸಂಗಡಿಗರು ಏಡ್ಸ್ ಇರುವವರಿಗೆ ಆಸರೆಯಾಗುವ ಟಾಸೊ ಎಂಬ ಸಂಸ್ಥೆ ಕಟ್ಟಿದರು. ಕಲೀಬಾ ಅವರ ಪತಿ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡಿದ್ದರು. 1992ರಲ್ಲಿ ಕೋಲ್ಕತ್ತದ ಸೋನಾಗಾಛಿಯಲ್ಲಿ ಡಾ. ಸ್ಮರಜಿತ್ ಜಾನಾ ಅವರು ಲೈಂಗಿಕ ಕಾರ್ಯಕರ್ತೆಯರನ್ನೇ ಶಿಕ್ಷಕಿಯರನ್ನಾಗಿ ತಯಾರು ಮಾಡಿದರು. ಎಚ್‌ಐವಿಯನ್ನು ನಡತೆಯ ಪ್ರಶ್ನೆಯಾಗಿ ನೋಡದೆ, ದುಡಿಯುವ ಜಾಗದ ಸುರಕ್ಷತೆಯ ಪ್ರಶ್ನೆಯಾಗಿ ನೋಡಿದ್ದು ಆ ಪ್ರಯೋಗದ ದೊಡ್ಡ ತಿರುವು.

ಮೂರೂ ಕಡೆ ಕೆಲಸ ಮಾಡಿದ್ದು ಒಂದೇ ತತ್ವ. ಬಿಳಿ ಕೋಟು ಹಾಕಿದವರಿಗೆ ತೆರೆಯದ ಬಾಗಿಲು ಅದೇ ಬದುಕನ್ನು ಬಲ್ಲವರಿಗೆ ತೆರೆಯುತ್ತದೆ. ಆದರೆ ಬಾಗಿಲು ತೆರೆದ ಮೇಲೆ ಒಳಗೆ ಏನು ಮಾಡಬೇಕು ಎಂಬುದಕ್ಕೆ ತರಬೇತಿ ಬೇಕೇ ಬೇಕು. ಅನುಭವವೊಂದಿದ್ದರೆ ಸಾಕು ಎಂದು ಎರಡು ದಿನದ ಶಿಬಿರ ನಡೆಸಿ ಕ್ಷೇತ್ರಕ್ಕೆ ಕಳಿಸುವ ಯೋಜನೆಗಳು ಶಿಕ್ಷಕರಿಗೂ ಜನರಿಗೂ ಅನ್ಯಾಯ ಮಾಡುತ್ತವೆ. ಶಿಕ್ಷಕರು ರೋಗ ನಿರ್ಣಯ ಮಾಡುವವರಲ್ಲ, ಔಷಧ ಬರೆಯುವವರೂ ಅಲ್ಲ. ಯಾವ ಪ್ರಶ್ನೆಗೆ ತಾವೇ ಉತ್ತರ ಕೊಡಬೇಕು, ಯಾವುದನ್ನು ವೈದ್ಯರ ಮುಂದಿಡಬೇಕು ಎಂಬ ಗೆರೆ ಅವರಿಗೆ ಸ್ಪಷ್ಟವಾಗಿರಬೇಕು.

ಮೊದಲ ಮಾತುಕತೆ

ಹೊಸಬರು ಮಾಡುವ ತಪ್ಪು ಒಂದೇ: ‘ಎಚ್‌ಐವಿ ನಾಲ್ಕು ವಿಧದಲ್ಲಿ ಹರಡುತ್ತದೆ’ ಎಂದು ಶುರು ಮಾಡುವುದು. ಕೇಳುತ್ತಿರುವವರ ಮನಸ್ಸಿನಲ್ಲಿ ಆಗಲೇ ಒಂದು ಪ್ರಶ್ನೆ ಕುದಿಯುತ್ತಿರುತ್ತದೆ, ಅದಕ್ಕೆ ಉತ್ತರ ಸಿಗುವವರೆಗೆ ಬೇರೇನೂ ತಲೆಗೆ ಹೋಗುವುದಿಲ್ಲ. ಅನುಭವಿಗಳು ಮೊದಲು ಕೇಳುತ್ತಾರೆ. ಅದೂ ‘ನಿಮಗೇನು ಗೊತ್ತು?’ ಎಂದಲ್ಲ, ಅದು ಪರೀಕ್ಷೆಯಂತೆ ಕೇಳಿಸುತ್ತದೆ. ‘ಇದರ ಬಗ್ಗೆ ಜನ ಏನೇನು ಮಾತಾಡ್ಕೊಳ್ತಾರೆ?’ ಎಂದರೆ ಕತೆಯೇ ಬೇರೆ. ಯಾರೂ ತಮ್ಮ ವಿಷಯ ಬಿಟ್ಟುಕೊಡಬೇಕಿಲ್ಲ, ಜನರ ಮಾತಿನ ನೆಪದಲ್ಲಿ ತಮ್ಮ ಭಯವನ್ನೂ ಹೇಳಿಕೊಳ್ಳಬಹುದು. ಹಾಗೆ ಹೊರಬಂದ ಒಂದೋ ಎರಡೋ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ‘ಈಗ ಮನೇಲಿ ಯಾರಾದ್ರೂ ಕೇಳಿದ್ರೆ ನೀವು ಹೇಗೆ ಹೇಳ್ತೀರಿ?’ ಎಂದು ಅವರ ಬಾಯಿಂದಲೇ ಹೇಳಿಸುವುದು ಮುಂದಿನ ಹೆಜ್ಜೆ. ತಪ್ಪು ತಿಳಿವಳಿಕೆ ಎಲ್ಲಿ ಉಳಿದಿದೆ ಎಂಬುದು ಆಗ ಗೊತ್ತಾಗುತ್ತದೆ.

ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಕಾರಣ ಹೇಳಿಕೊಡುವುದು ಹೆಚ್ಚು ದಿನ ಉಳಿಯುತ್ತದೆ. ವೈರಸ್ ದಾಟುವಷ್ಟು ಪ್ರಮಾಣದಲ್ಲಿ ಇರುವುದು ರಕ್ತ, ವೀರ್ಯ ಮತ್ತು ಅದಕ್ಕೆ ಮೊದಲು ಬರುವ ದ್ರವ, ಯೋನಿ ದ್ರವ, ಗುದದ್ವಾರದ ಒಳಪದರದ ದ್ರವ, ಎದೆಹಾಲು ಇವುಗಳಲ್ಲಿ. ಅದು ಇನ್ನೊಬ್ಬರ ರಕ್ತಕ್ಕೋ ಮೃದುವಾದ ಒಳಪದರಕ್ಕೋ ತಲುಪಬೇಕು. ಇಷ್ಟು ಗೊತ್ತಿದ್ದರೆ ಲೋಟ, ಶೌಚಾಲಯ, ಅಪ್ಪುಗೆ, ಬೆವರು, ಎಂಜಲು ಎಲ್ಲವನ್ನೂ ಜನ ತಾವೇ ಅಳೆದು ನೋಡುತ್ತಾರೆ. ಸೊಳ್ಳೆಯ ಪ್ರಶ್ನೆ ಬಂದೇ ಬರುತ್ತದೆ. ಎಚ್‌ಐವಿ ಸೊಳ್ಳೆಯ ದೇಹದಲ್ಲಿ ಬೆಳೆಯುವುದಿಲ್ಲ, ಅಲ್ಲಿ ಜೀರ್ಣವಾಗಿ ಹೋಗುತ್ತದೆ. ಸೊಳ್ಳೆ ಕಚ್ಚುವಾಗ ಒಳಬಿಡುವುದು ತನ್ನ ಎಂಜಲನ್ನೇ ಹೊರತು ಹಿಂದೆ ಹೀರಿದ ರಕ್ತವನ್ನಲ್ಲ.

ಕಾಂಡೋಮ್ ವಿಷಯದಲ್ಲಿ ‘ಬಳಸಿ’ ಎನ್ನುವುದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಪೊಟ್ಟಣದ ಮೇಲಿನ ದಿನಾಂಕ ನೋಡುವುದು, ಒತ್ತಿ ನೋಡಿ ಒಳಗೆ ಗಾಳಿಯಿದೆಯೇ ಎಂದು ತಿಳಿಯುವುದು, ಹಲ್ಲು ಹಾಕದೆ ಹರಿಯುವುದು, ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಗಾಳಿ ತೆಗೆದು ಬುಡದವರೆಗೆ ಬಿಚ್ಚುವುದು, ಮುಗಿದ ಕೂಡಲೇ ಬುಡದಲ್ಲಿ ಹಿಡಿದು ಹೊರತೆಗೆಯುವುದು, ಇವೆಲ್ಲ ಮಾದರಿಯ ಮೇಲೆ ಕೈಯಾರೆ ಮಾಡಿ ನೋಡಬೇಕಾದ್ದು. ಹೆಚ್ಚು ಎಡವಟ್ಟಾಗುವುದು ತಿರುವುಮುರುವು ಹಾಕಿದಾಗ. ಅದನ್ನೇ ಮಗುಚಿ ಮತ್ತೆ ಹಾಕಿಕೊಳ್ಳುತ್ತಾರೆ. ಮೊದಲು ತಾಗಿದ ಕಡೆ ದ್ರವ ಅಂಟಿರುವುದರಿಂದ ಅದನ್ನು ಎಸೆದು ಹೊಸದು ತೆಗೆದುಕೊಳ್ಳಬೇಕು. ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಲ್ಯಾಟೆಕ್ಸ್ ಸಡಿಲವಾಗಿ ಹರಿಯುತ್ತದೆ, ನೀರಿನಂಶದ ಲೂಬ್ರಿಕೆಂಟೇ ಬೇಕು. ಜೋಪಾನಕ್ಕೆಂದು ಎರಡೆರಡು ಹಾಕಿಕೊಂಡರೂ ಉಜ್ಜಾಟಕ್ಕೆ ಹರಿಯುತ್ತದೆ.

ಪರೀಕ್ಷೆಯ ಕೋಣೆಯ ಹೊರಗೆ

ಸೋಂಕು ತಗುಲಬಹುದಾದ ಸಂಪರ್ಕದ ಮರುದಿನವೇ ಓಡಿಬಂದು ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂತೆಂದು ನಿಟ್ಟುಸಿರು ಬಿಟ್ಟು ಹೋಗುವವರನ್ನು ಪ್ರತಿ ಶಿಕ್ಷಕರೂ ಕಂಡಿರುತ್ತಾರೆ. ಆ ನೆಗೆಟಿವ್‌ಗೆ ಅರ್ಥವೇ ಇಲ್ಲ. ಸೋಂಕು ತಗುಲಿದ ಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಸಮಯ ಹಿಡಿಯುತ್ತದೆ, ಇದೇ ವಿಂಡೋ ಅವಧಿ. ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ ನಾಲ್ಕನೇ ತಲೆಮಾರಿನ (ವೈರಸ್‌ನ ಅಂಶವನ್ನೂ ಹುಡುಕುವ) ಪರೀಕ್ಷೆಯಲ್ಲಿ 18ರಿಂದ 45 ದಿನ. ಸೋಂಕಿಗೆ ಪ್ರತಿಯಾಗಿ ದೇಹ ತಯಾರಿಸುವ ಪ್ರತಿಕಾಯಗಳನ್ನಷ್ಟೇ ಹುಡುಕುವ ಪರೀಕ್ಷೆಯಾದರೆ 23ರಿಂದ 90 ದಿನ. ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಪರೀಕ್ಷೆ, ಬಾಯಿಯ ದ್ರವದ ಪರೀಕ್ಷೆ ಯಾವುದೇ ಇರಲಿ, ಪೂರ್ತಿ ನೆಮ್ಮದಿಗೆ 90 ದಿನ ಕಾಯಬೇಕು. ಮರುದಿನ ಓಡಿಬಂದವರಿಗೆ ನಿಜವಾಗಿ ಬೇಕಿದ್ದದ್ದು ಪೆಪ್: 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಶುರು ಮಾಡಿ 28 ದಿನ ತೆಗೆದುಕೊಳ್ಳುವ, ಸೋಂಕು ನೆಲೆಯೂರದಂತೆ ತಡೆಯುವ ಔಷಧ. ‘ಯಾವತ್ತು ಆಯ್ತು?’ ಎಂಬ ಒಂದು ಪ್ರಶ್ನೆಯನ್ನು ಶಿಕ್ಷಕರು ಮೊದಲ ನಿಮಿಷದಲ್ಲೇ ಕೇಳದಿದ್ದರೆ ಆ 72 ಗಂಟೆ ಮಾತಿನಲ್ಲೇ ಕಳೆದುಹೋಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವ ಸ್ವಯಂ ಪರೀಕ್ಷೆಯ ಕಿಟ್‌ಗಳಿಂದ ಗೋಪ್ಯತೆಯ ಭಯ ಎಷ್ಟೋ ಕಡಿಮೆಯಾಗಿದೆ. ಆದರೆ ಕಿಟ್ ಕೈಗಿಟ್ಟು ಬಂದರೆ ಕೆಲಸ ಮುಗಿಯಲಿಲ್ಲ. ಬಾಯಿಯ ದ್ರವದ ಸಾಮಾನ್ಯ ಕಿಟ್ ಒಂದನ್ನೇ ನೋಡಿ. ಚಪ್ಪಟೆ ಪಟ್ಟಿಯನ್ನು ಮೇಲಿನ ವಸಡಿನ ಉದ್ದಕ್ಕೂ ಒಮ್ಮೆ, ಕೆಳಗಿನ ವಸಡಿನ ಉದ್ದಕ್ಕೂ ಒಮ್ಮೆ ಎಳೆಯಬೇಕು. ಎಂಜಲು ಹಚ್ಚಿದರೆ ಆಗುವುದಿಲ್ಲ, ವಸಡಿಗೇ ತಾಗಬೇಕು. ನಂತರ ಪಟ್ಟಿಯನ್ನು ನೇರವಾಗಿ ದ್ರಾವಣದ ಕೊಳವೆಯಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಕಾಯಬೇಕು. ಆ ಇಪ್ಪತ್ತು ನಿಮಿಷದಲ್ಲಿ ಕಿಟಕಿಯಲ್ಲಿ ಬಣ್ಣ ಹರಡಿ ಮಾಸುತ್ತದೆ. ಹೆದರಿದವರು ಐದನೇ ನಿಮಿಷಕ್ಕೇ ಎತ್ತಿ ನೋಡುತ್ತಾರೆ, ಹತ್ತನೇ ನಿಮಿಷಕ್ಕೆ ಮತ್ತೆ ಅಲುಗಾಡಿಸುತ್ತಾರೆ. ಇಪ್ಪತ್ತಕ್ಕೆ ಮೊದಲೂ ಓದಬಾರದು, ನಲವತ್ತು ದಾಟಿದ ಮೇಲೂ ಓದಬಾರದು. ‘ಸಿ’ ಎದುರು ಒಂದೇ ಗೆರೆ ಇದ್ದರೆ ನೆಗೆಟಿವ್. ಎರಡು ಗೆರೆ ಬಂದರೆ ರಿಯಾಕ್ಟಿವ್, ಅಂದರೆ ಸೋಂಕಿರಬಹುದು ಎಂಬ ಸೂಚನೆ. ‘ಸಿ’ ಗೆರೆಯೇ ಇಲ್ಲದಿದ್ದರೆ ಕಿಟ್ ಕೆಟ್ಟಿದೆ, ಬೇರೆಯದರಲ್ಲಿ ಮಾಡಬೇಕು. ಎರಡನೇ ಗೆರೆ ಮಸುಕಾಗಿದ್ದರೆ ‘ಸ್ವಲ್ಪ ಇದೆ’ ಎಂದು ಅರ್ಥ ಮಾಡಿಕೊಳ್ಳುವವರಿದ್ದಾರೆ. ಮಸುಕಾದರೂ ಗೆರೆ ಗೆರೆಯೇ.

ರಿಯಾಕ್ಟಿವ್ ಎಂದ ಮಾತ್ರಕ್ಕೆ ಪಾಸಿಟಿವ್ ಎಂದು ಹೇಳಬಾರದು ಎಂಬುದೂ ಅಷ್ಟೇ ಮುಖ್ಯ. ಸ್ವಯಂ ಪರೀಕ್ಷೆಯ ನಂತರ ಕೇಂದ್ರದಲ್ಲಿ ಪೂರ್ತಿ ಪರೀಕ್ಷೆ ಆಗಬೇಕು. ಬೇರೆ ಬೇರೆ ಮೂರು ಪರೀಕ್ಷೆಗಳು ಸಾಲಾಗಿ ರಿಯಾಕ್ಟಿವ್ ಬಂದಾಗ ಮಾತ್ರ ಪಾಸಿಟಿವ್ ಎನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಿಂದ ಹೇಳುತ್ತಿದೆ. ಇನ್ನೊಂದು ಅಪಾಯವನ್ನು ಶಿಕ್ಷಕರು ಮಾತ್ರ ಹಿಡಿಯಬಲ್ಲರು. ಈಗಾಗಲೇ ಎಆರ್‌ಟಿಯಲ್ಲಿರುವವರು ‘ವಾಸಿಯಾಯ್ತಾ ನೋಡೋಣ’ ಎಂದು ಗುಟ್ಟಾಗಿ ಕಿಟ್ ತೆಗೆದುಕೊಳ್ಳುತ್ತಾರೆ. ಚಿಕಿತ್ಸೆಯಿಂದ ಪ್ರತಿಕಾಯಗಳು ಕಡಿಮೆಯಾಗಿ ಕೆಲವೊಮ್ಮೆ ನೆಗೆಟಿವ್ ತೋರಿಸುತ್ತದೆ. ಅವರು ಮಾತ್ರೆ ನಿಲ್ಲಿಸುತ್ತಾರೆ, ವೈರಸ್ ಮರಳುತ್ತದೆ. ಆದ್ದರಿಂದ ಕಿಟ್ ಕೊಡುವಾಗ ಎಲ್ಲರಿಗೂ, ಯಾರನ್ನೂ ಗುರುತಿಸಿ ಕೇಳದೆ, ‘ಮಾತ್ರೆ ತಗೊಳ್ತಿರೋರಿಗೆ ಇದು ಸರಿಯಾಗಿ ತೋರಿಸಲ್ಲ’ ಎಂದು ಹೇಳಿಬಿಡುವುದೇ ಸರಿ.

ಪರೀಕ್ಷೆಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳೂ ಇವೆ. ಫಲಿತಾಂಶ ಪಾಸಿಟಿವ್ ಬಂದರೆ ಮೊದಲು ಯಾರಿಗೆ ಹೇಳುತ್ತೀರಿ? ಅವತ್ತು ರಾತ್ರಿ ಎಲ್ಲಿರುತ್ತೀರಿ? ಮನೆಯಲ್ಲಿ ಯಾರಿಂದಾದರೂ ನಿಮಗೆ ಭಯವಿದೆಯೇ? ಮೂರನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದರೆ ಸಂಗಾತಿಗೆ ತಿಳಿಸುವ ಮಾತನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಅವರ ಸುರಕ್ಷತೆಯ ಏರ್ಪಾಡು ನೋಡಬೇಕು. ಸಂಗಾತಿಯ ಪರೀಕ್ಷೆ ಮಾಡಿಸುವುದು ಬಹಳ ಫಲ ಕೊಡುವ ಕೆಲಸ, ನಿಜ. ಆದರೆ ಅದಕ್ಕೆ ಗುರಿ ನಿಗದಿ ಮಾಡಿ, ‘ಈ ತಿಂಗಳು ಇಷ್ಟು ಸಂಗಾತಿಗಳ ಹೆಸರು ಬೇಕು’ ಎಂದು ಶಿಕ್ಷಕರ ಕತ್ತು ಹಿಡಿದಾಗ ಹೆಸರುಗಳು ಒತ್ತಾಯದಿಂದ ಹೊರಬರುತ್ತವೆ. ಒಬ್ಬರ ಗುಟ್ಟು ಹೊರಬಿದ್ದರೆ ಆ ಬೀದಿಯೇ ಶಿಕ್ಷಕರಿಗೆ ಬಾಗಿಲು ಹಾಕುತ್ತದೆ.

ಚೀಟಿ ಕೊಟ್ಟು ಕಳಿಸಿದರೆ ಸಾಲದು

ಪಾಸಿಟಿವ್ ಎಂದು ಖಚಿತವಾದ ದಿನವೇ, ವ್ಯಕ್ತಿ ಸಿದ್ಧರಿದ್ದರೆ, ಎಆರ್‌ಟಿ ಶುರು ಮಾಡಬಹುದು. ತಡವಾದರೂ ಏಳು ದಿನದೊಳಗೆ ಶುರುವಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಹೀಗೆ ಹೇಳುತ್ತಿದೆ. ಇಲ್ಲೊಂದು ಎಚ್ಚರಿಕೆ. ಬಿಡದ ತಲೆನೋವು, ಕತ್ತು ಬಿಗಿತ, ಗೊಂದಲದ ಮಾತು ಇದ್ದರೆ ಮಿದುಳು ಪೊರೆಯ ಸೋಂಕಿರಬಹುದು, ಆಗ ಎಆರ್‌ಟಿಯನ್ನು ಕೆಲವು ವಾರ ತಡಮಾಡಿ ಮೊದಲು ಆ ಕಾಯಿಲೆಗೆ ಚಿಕಿತ್ಸೆ ಕೊಡುತ್ತಾರೆ. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಈ ನಾಲ್ಕರಲ್ಲಿ ಯಾವುದಿದ್ದರೂ ಕ್ಷಯದ ಪರೀಕ್ಷೆ ಆಗಲೇಬೇಕು. ಎಚ್‌ಐವಿ ಇರುವವರ ಜೀವ ತೆಗೆಯುವುದರಲ್ಲಿ ಕ್ಷಯವೇ ಮುಂದು. ಶಿಕ್ಷಕರು ರೋಗ ಕಂಡುಹಿಡಿಯಬೇಕಿಲ್ಲ, ಈ ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ವೈದ್ಯರ ಕಿವಿಗೆ ಮುಟ್ಟಿಸಿದರೆ ಸಾಕು.

ಆ ದಿನ ‘ಈ ವಿಳಾಸಕ್ಕೆ ಹೋಗಿ’ ಎಂದು ಚೀಟಿ ಬರೆದುಕೊಟ್ಟವರಿಗೂ, ಜತೆಗೇ ನಡೆದು ಹೋಗಿ ನೋಂದಣಿ ಕೌಂಟರಿನಲ್ಲಿ ನಿಂತವರಿಗೂ ಇರುವ ವ್ಯತ್ಯಾಸ ದೊಡ್ಡದು. ಸುದ್ದಿ ಕೇಳಿದವರಿಗೆ ಕಿವಿ ಕೇಳಿಸುತ್ತಿರುತ್ತದೆ, ಅರ್ಥವಾಗುತ್ತಿರುವುದಿಲ್ಲ. ಯಾವ ಸಾಲು, ಯಾವ ಕೋಣೆ, ಯಾರು ಕೇಳಿದರೆ ಏನು ಹೇಳಬೇಕು ಎಂಬ ಸಣ್ಣ ವಿಷಯಗಳೇ ಅವರನ್ನು ವಾಪಸ್ ಕಳಿಸುತ್ತವೆ. ಈ ಜತೆ ನಡೆಯುವ ಕೆಲಸ ಯಾವ ವರದಿಯ ಕಾಲಮ್ಮಿನಲ್ಲೂ ಬರುವುದಿಲ್ಲ.

ಇನ್ನು ಮಾತ್ರೆ. ಮನೆಯವರಿಗೆ ಗೊತ್ತಿಲ್ಲದವರಿಗೆ ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಡಬ್ಬಿಯ ಸದ್ದು. ಚೀಲದೊಳಗೆ ಮಾತ್ರೆಗಳು ಗಲಗಲ ಎನ್ನುತ್ತವೆ, ಎದೆ ನಡುಗುತ್ತದೆ, ಡಬ್ಬಿಯನ್ನು ಎಲ್ಲೋ ಬಿಟ್ಟು ಬರುತ್ತಾರೆ. ಡಬ್ಬಿಯೊಳಗೆ ಹತ್ತಿ ತುರುಕುವುದು, ಮೇಲಿನ ಲೇಬಲ್ ಕಿತ್ತುಹಾಕುವುದು ಸೋಂಕಿತರೇ ಕಂಡುಕೊಂಡ ಉಪಾಯಗಳು. ಬೇರೆ ಡಬ್ಬಿಗೆ ಸುರಿದುಕೊಳ್ಳುವುದಾದರೆ ತೇವ ಹೀರುವ ಪುಟ್ಟ ಪೊಟ್ಟಣವನ್ನೂ ಜತೆಗೆ ಹಾಕಿಕೊಳ್ಳಬೇಕು. ಇಂಥ ಮಾತು ಐದು ನಿಮಿಷದ ವೈದ್ಯರ ಭೇಟಿಯಲ್ಲಿ ಬರುವುದೇ ಇಲ್ಲ. ನಿದ್ದೆ ಬರುತ್ತಿಲ್ಲ ಎಂದರೆ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಿ ನೋಡಬಹುದು. ಎದೆಯುರಿಗೆ ಆಂಟಾಸಿಡ್ ನುಂಗುವವರು ಎಆರ್‌ಟಿ ಮಾತ್ರೆಯನ್ನು ಅದಕ್ಕಿಂತ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಅದರಲ್ಲಿನ ಅಲ್ಯುಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಔಷಧ ರಕ್ತಕ್ಕೆ ಸೇರುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದೇ ಅಂತರ ಬೇಕು, ಊಟದ ಜತೆ ತೆಗೆದುಕೊಂಡರೆ ಮಾತ್ರ ಎರಡನ್ನೂ ಒಟ್ಟಿಗೆ ನುಂಗಬಹುದು. ಗರ್ಭಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವವರಿಗೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ‘ಬೇರೆ ಯಾವ ಮಾತ್ರೆ ತಗೊಳ್ತಿದೀರಿ?’ ಎಂಬ ಪ್ರಶ್ನೆ ಪ್ರತಿ ಭೇಟಿಯಲ್ಲೂ ಕೇಳಬೇಕಾದ್ದು ಇದಕ್ಕೇ.

ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆ ಚಿಕಿತ್ಸೆಯ ಆರನೇ ತಿಂಗಳಿಗೆ, ಹನ್ನೆರಡನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಒಂದು ಮಿಲಿಲೀಟರ್‌ಗೆ ವೈರಸ್‌ನ 1,000 ಪ್ರತಿಗಳಿಗಿಂತ ಹೆಚ್ಚು ಬಂದರೆ ಔಷಧ ಬದಲಿಸುವ ಮೊದಲು ಆಪ್ತಸಮಾಲೋಚನೆ, ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ. ಈ ಮೂರು ತಿಂಗಳಲ್ಲಿ ಶಿಕ್ಷಕರ ಮಾತಿನ ಧಾಟಿಯೇ ಎಲ್ಲ. ‘ಯಾಕೆ ಬಿಟ್ಟಿರಿ?’ ಎಂದರೆ ‘ಬಿಟ್ಟೇ ಇಲ್ಲ’ ಎಂಬ ಉತ್ತರ ಬರುತ್ತದೆ. ‘ಕಳೆದ ವಾರ ಯಾವ ದಿನ ತಗೊಳ್ಳೋದು ಕಷ್ಟ ಆಯ್ತು?’ ಎಂದರೆ ರಾತ್ರಿ ಪಾಳಿ, ನೆಂಟರ ಮನೆ, ಕುಡಿತ, ಗಂಡನ ಕಣ್ಣು, ಖಾಲಿಯಾದ ಡಬ್ಬಿ ಒಂದೊಂದಾಗಿ ಹೊರಬರುತ್ತವೆ. ಪ್ರತಿಯೊಂದಕ್ಕೂ ಪರಿಹಾರ ಬೇರೆ.

ಈ ಪರೀಕ್ಷೆಯ ಫಲಿತಾಂಶ ಆಸ್ಪತ್ರೆಯ ಕಡತದಲ್ಲೇ ಉಳಿದು, ಅವರಿಗೆ ತಿಳಿಯದೇ ಹೋಗುವುದು ನನ್ನ ದೃಷ್ಟಿಯಲ್ಲಿ ಅತಿ ದೊಡ್ಡ ನಷ್ಟ. ಏಕೆಂದರೆ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. 2016ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ ಜೋಡಿಗಳ ನಡುವೆ ಕಾಂಡೋಮ್ ಇಲ್ಲದ ಸುಮಾರು 58,000 ಸಂಪರ್ಕಗಳು, 2019ರಲ್ಲಿ ಪುರುಷ ಜೋಡಿಗಳ ಎರಡನೇ ಹಂತದಲ್ಲಿ ಸುಮಾರು 76,000. ಸಂಗಾತಿಯಿಂದ ದಾಟಿದ ಸೋಂಕು ಎರಡರಲ್ಲೂ ಸೊನ್ನೆ. ಇದನ್ನು ‘ಬಹುಶಃ’, ‘ಹೆಚ್ಚುಕಮ್ಮಿ’ ಎಂದು ನೀರು ಬೆರೆಸಿ ಹೇಳುವ ಶಿಕ್ಷಕರಿದ್ದಾರೆ, ಜನ ಮೈಮರೆತಾರು ಎಂಬ ಅಂಜಿಕೆಯಿಂದ. ಹಾಗೆ ಮಾಡಬಾರದು. ಮಾತ್ರೆ ತಪ್ಪಿಸದಿರಲು ಇದಕ್ಕಿಂತ ದೊಡ್ಡ ಕಾರಣವನ್ನು ಯಾರೂ ಕೊಡಲಾರರು. ಎಲ್ಲೆ ಎಲ್ಲಿದೆ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು: ಈ ಸೊನ್ನೆ ಲೈಂಗಿಕ ಸಂಪರ್ಕಕ್ಕೆ ಸಂಬಂಧಿಸಿದ್ದು. ಎದೆಹಾಲಿನ ಮೂಲಕ ಅಪಾಯ ಬಹಳ ಕಡಿಮೆಯಾಗುತ್ತದೆ, ಸೊನ್ನೆ ಆಗುವುದಿಲ್ಲ. ಸೂಜಿ ಹಂಚಿಕೊಳ್ಳುವುದಕ್ಕೂ ಈ ಮಾತು ಅನ್ವಯಿಸುವುದಿಲ್ಲ. ಸಿಫಿಲಿಸ್, ಗೊನೊರಿಯಾ ತಡೆಯಲು ಕಾಂಡೋಮ್ ಬೇಕೇ ಬೇಕು.

ಹೊಸ ಚುಚ್ಚುಮದ್ದು, ಹಳೆಯ ಕೊಂಡಿ

ಸೋಂಕಿಲ್ಲದವರಿಗೆ ಮುಂಜಾಗ್ರತೆಯಾಗಿ ಕೊಡುವ ಪ್ರೆಪ್ ಮಾತ್ರೆಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಮಾತು ಲೆನಾಕಪವಿರ್‌ನದು. ಆರು ತಿಂಗಳಿಗೊಮ್ಮೆ ಚರ್ಮದಡಿಗೆ ಕೊಡುವ ಚುಚ್ಚುಮದ್ದು. 2024ರಲ್ಲಿ ಹೊರಬಂದ ಫಲಿತಾಂಶದಲ್ಲಿ ಇದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಿರಲಿಲ್ಲ. 2025ರ ಜೂನ್‌ನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು.

ವರ್ಷಕ್ಕೆ ಎರಡೇ ಚುಚ್ಚುಮದ್ದು ಅಂದಮೇಲೆ ಮನೆ ಮನೆಗೆ ಹೋಗುವವರೇಕೆ ಎಂದು ಕೇಳುವವರಿದ್ದಾರೆ. ಕ್ರಮವನ್ನು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ಮೊದಲ ದಿನ 1.5 ಮಿಲಿಲೀಟರ್‌ನ ಎರಡು ಚುಚ್ಚುಮದ್ದು, ಜತೆಗೆ 300 ಮಿಲಿಗ್ರಾಂನ ಎರಡು ಮಾತ್ರೆ. ಮರುದಿನ ಮತ್ತೆ ಎರಡು ಮಾತ್ರೆ, ಇದು ಮನೆಯಲ್ಲಿ. ಆ ಎರಡನೇ ದಿನದ ಮಾತ್ರೆ ಮರೆತರೆ ಔಷಧ ರಕ್ತದಲ್ಲಿ ಬೇಕಾದ ಮಟ್ಟಕ್ಕೆ ಬೇಗ ಏರುವುದಿಲ್ಲ. ಮರುದಿನ ಬೆಳಿಗ್ಗೆ ಫೋನ್ ಮಾಡಿ ‘ತಗೊಂಡ್ರಾ?’ ಎಂದು ಕೇಳುವವರು ಯಾರು? ಮುಂದಿನ ಚುಚ್ಚುಮದ್ದು 26 ವಾರಕ್ಕೆ, ಎರಡು ವಾರ ಆಚೀಚೆ ಆಗಬಹುದು ಅಷ್ಟೇ. ಆರು ತಿಂಗಳಲ್ಲಿ ಮನೆ, ಕೆಲಸ, ಫೋನ್ ನಂಬರ್ ಎಲ್ಲ ಬದಲಾಗಬಹುದು. ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಉಳಿಯುತ್ತದೆ, ಅದಕ್ಕೆ ಹೆದರಿ ಎರಡನೇ ಸಲ ಬಾರದವರೂ ಇರುತ್ತಾರೆ. ಔಷಧದ ಅಂಶ ದೇಹದಲ್ಲಿ ನಿಧಾನವಾಗಿ ಇಳಿಯುತ್ತಾ ತಿಂಗಳುಗಟ್ಟಲೆ ಉಳಿಯುವುದರಿಂದ, ಆ ಹೊತ್ತಿನಲ್ಲಿ ಸೋಂಕು ತಗುಲಿದರೆ ಔಷಧಕ್ಕೆ ಬಗ್ಗದ ವೈರಸ್ ಬೆಳೆಯುವ ಅಪಾಯವಿದೆ. ಔಷಧ ದೀರ್ಘವಾದಷ್ಟೂ ಭೇಟಿಗಳ ನಡುವಿನ ಅಂತರ ದೀರ್ಘವಾಗುತ್ತದೆ, ಆ ಅಂತರವನ್ನು ಯಾರಾದರೂ ಕಾಯಬೇಕು.

2025ರಲ್ಲಿ ಆದದ್ದು

ಬೇರೆ ದೇಶಗಳ ಎಚ್‌ಐವಿ ಸೇವೆಗಳಿಗೆ ಹಣ ಕೊಡುವ ಅಮೆರಿಕದ ಪೆಪ್‌ಫಾರ್ ಯೋಜನೆ 2003ರಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಕಾಲದಲ್ಲಿ ಶುರುವಾಯಿತು, ಎರಡು ಕೋಟಿಗೂ ಹೆಚ್ಚು ಜೀವ ಉಳಿಸಿದ ಹೆಗ್ಗಳಿಕೆ ಅದಕ್ಕಿದೆ. 2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು. ಕೆಲವೇ ದಿನಗಳಲ್ಲಿ ‘ಜೀವ ಉಳಿಸುವ’ ಎಚ್‌ಐವಿ ಸೇವೆಗಳಿಗೆ ವಿನಾಯಿತಿ ಬಂತು. ಚಿಕಿತ್ಸೆಗೆ ಅದರಲ್ಲಿ ಜಾಗವಿತ್ತು. ಪ್ರೆಪ್‌ಗೆ ಸಿಕ್ಕಿದ ವಿನಾಯಿತಿ ಗರ್ಭಿಣಿಯರಿಗೆ ಮತ್ತು ಎದೆಹಾಲುಣಿಸುವ ತಾಯಂದಿರಿಗೆ ಮಾತ್ರ. ಜುಲೈ 1ಕ್ಕೆ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ನ ಕಾರ್ಯಾಚರಣೆಯೇ ಮುಗಿಯಿತು. ಹಲವು ದೇಶಗಳಲ್ಲಿ ಸಮುದಾಯದ ಕಾರ್ಯಕರ್ತರು, ಪೀರ್ ಎಜುಕೇಟರ್‌ಗಳು ಕೆಲಸ ಕಳೆದುಕೊಂಡರು. ಆ ನೆರವು ಶಾಶ್ವತವಾಗಿ ನಿಂತು, ಬೇರೆ ಯಾರೂ ಆ ಜಾಗ ತುಂಬದಿದ್ದರೆ 2029ರೊಳಗೆ ಹೆಚ್ಚುವರಿಯಾಗಿ 60 ಲಕ್ಷ ಹೊಸ ಸೋಂಕು, 40 ಲಕ್ಷ ಸಾವು ಆಗಬಹುದೆಂದು ಯುಎನ್‌ಏಡ್ಸ್ ಅಂದಾಜಿಸಿದೆ. 2021ರಲ್ಲಿ ವಿಶ್ವಸಂಸ್ಥೆಯಲ್ಲಿ ಸದಸ್ಯ ದೇಶಗಳು ಒಪ್ಪಿಕೊಂಡಿದ್ದ ಗುರಿಯ ಪ್ರಕಾರ, ಅಪಾಯ ಹೆಚ್ಚಿರುವ ಗುಂಪುಗಳಿಗೆ ತಲುಪುವ ತಡೆಗಟ್ಟುವ ಸೇವೆಗಳಲ್ಲಿ ನೂರಕ್ಕೆ 80ರಷ್ಟನ್ನು 2025ರ ಹೊತ್ತಿಗೆ ಸಮುದಾಯದ ಸಂಸ್ಥೆಗಳೇ ನಡೆಸಬೇಕಿತ್ತು. ಆದದ್ದು ಅದಕ್ಕೆ ತದ್ವಿರುದ್ಧ.

ಮಾತ್ರೆಯನ್ನು ಜೀವ ಉಳಿಸುವ ಪಟ್ಟಿಗೆ ಸೇರಿಸಿ, ಮಾತ್ರೆಯವರೆಗೆ ಜನರನ್ನು ತಂದು ಮುಟ್ಟಿಸುವವರನ್ನು ಹೊರಗಿಟ್ಟರೆ ಏನಾಗುತ್ತದೆ? ಮೊದಲ ವರ್ಷ ಏನೂ ಆದಂತೆ ಕಾಣುವುದಿಲ್ಲ. ಪರೀಕ್ಷೆಗೆ ಬರುವವರು ಕಡಿಮೆಯಾದರೆ ಪತ್ತೆಯಾಗುವ ಪಾಸಿಟಿವ್‌ಗಳೂ ಕಡಿಮೆಯಾಗುತ್ತವೆ, ವರದಿಯಲ್ಲಿ ರೋಗವೇ ಇಳಿದಂತೆ ತೋರುತ್ತದೆ. ಚಿಕಿತ್ಸೆ ಬಿಟ್ಟವರು ಮರುದಿನವೇ ಹಾಸಿಗೆ ಹಿಡಿಯುವುದಿಲ್ಲ. ರೋಗದ ವಿರುದ್ಧ ಹೋರಾಡುವ ಸಿಡಿ4 ರಕ್ತಕಣಗಳ ಎಣಿಕೆ 200ಕ್ಕಿಂತ ಕೆಳಗಿಳಿದು, ಕ್ಷಯವೋ ಮಿದುಳಿನ ಸೋಂಕೋ ಹಿಡಿದು ಆಸ್ಪತ್ರೆಗೆ ಬರುವ ಹೊತ್ತಿಗೆ ತಿಂಗಳುಗಳೋ ವರ್ಷಗಳೋ ಕಳೆದಿರುತ್ತವೆ. ಆಗ ಅದನ್ನು ಶಿಕ್ಷಕರ ಹುದ್ದೆ ರದ್ದಾದ ದಿನಕ್ಕೆ ಯಾರೂ ತಾಳೆ ಹಾಕುವುದಿಲ್ಲ.

ಈ ಕುರುಡಿಗೆ ಯೋಜನೆಗಳ ಲೆಕ್ಕದ ಪದ್ಧತಿಯೂ ಕಾರಣ. ಎಷ್ಟು ಜನರನ್ನು ಭೇಟಿಯಾದಿರಿ, ಎಷ್ಟು ಕಾಂಡೋಮ್ ಹಂಚಿದಿರಿ, ಎಷ್ಟು ಪರೀಕ್ಷೆ ಮಾಡಿಸಿದಿರಿ ಎಂಬುದಷ್ಟೇ ರಿಜಿಸ್ಟರಿನಲ್ಲಿದ್ದರೆ ಶಿಕ್ಷಕರು ಗುರಿ ಮುಟ್ಟಲು ಸುಲಭದ, ಅಪಾಯವೇ ಇಲ್ಲದ ಜನರನ್ನೇ ಮತ್ತೆ ಮತ್ತೆ ಪರೀಕ್ಷೆಗೆ ಕರೆತರುತ್ತಾರೆ. ಎಣಿಸಬೇಕಾದ್ದು ಬೇರೆ: ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿ ಏಳು ದಿನದೊಳಗೆ ಮೊದಲ ಮಾತ್ರೆ ನುಂಗಿದರು, ದಿನಾಂಕ ತಪ್ಪಿಸಿದವರಲ್ಲಿ ಎಷ್ಟು ಮಂದಿ 28 ದಿನದೊಳಗೆ ಮರಳಿದರು, ವೈರಲ್ ಲೋಡ್ ಫಲಿತಾಂಶ ಎಷ್ಟು ಮಂದಿಯ ಕಿವಿಗೆ ಮುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಸಮುದಾಯ ಕಾರ್ಯಕರ್ತರಿಗೆ ಕೆಲಸಕ್ಕೆ ತಕ್ಕ ಸಂಬಳ, ಬರಹದ ಒಪ್ಪಂದ ಇರಬೇಕು ಎನ್ನುತ್ತದೆ. ತಲೆಗಿಷ್ಟು ಎಂಬ ಪ್ರೋತ್ಸಾಹಧನವೊಂದನ್ನೇ ಅವರು ನಂಬಿಕೊಂಡಿರುವಂತೆ ಮಾಡಬಾರದು ಎಂದೂ ಹೇಳುತ್ತದೆ. ಗೌರವಧನದ ಹೆಸರಿನಲ್ಲಿ ಪುಡಿಗಾಸು ಕೊಟ್ಟು, ಫೋನಿನ ಖರ್ಚು, ಬಸ್ಸಿನ ಖರ್ಚು ಅವರ ತಲೆಗೇ ಹೊರಿಸುವ ಪದ್ಧತಿಯಿಂದ ಒಳ್ಳೆಯ ಶಿಕ್ಷಕರು ಎರಡೇ ವರ್ಷಕ್ಕೆ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ.

ಹುದ್ದೆ ಉಳಿಸಲು ಆಗದೇ ಹೋದಾಗಲೂ ಮಾಡಬಹುದಾದ ಒಂದು ಕೆಲಸವಿದೆ. ಶಿಕ್ಷಕರು ಹೊರಡುವ ಮುನ್ನ ಅವರ ಡೈರಿಯಿಂದ ಮೂರು ಗುಂಪಿನವರನ್ನು ಬೇರೆ ಮಾಡಿಕೊಳ್ಳಬೇಕು. ಚಿಕಿತ್ಸೆ ಶುರುವಾಗಿ ಆರು ತಿಂಗಳು ತುಂಬದವರು, ವೈರಲ್ ಲೋಡ್ 1,000 ದಾಟಿದವರು, ಮುಂದಿನ ಪ್ರೆಪ್ ಚುಚ್ಚುಮದ್ದಿನ ದಿನ ಹತ್ತಿರವಿರುವವರು. ಪಟ್ಟಿಯನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಪ್ರತಿಯೊಬ್ಬರ ಒಪ್ಪಿಗೆ ಕೇಳಬೇಕು, ‘ಇನ್ಮೇಲೆ ಇವರು ನೋಡ್ಕೊಳ್ತಾರೆ’ ಎಂದು ಹೊಸಬರನ್ನು ಜತೆಗೆ ಕರೆದುಕೊಂಡು ಹೋಗಿ ಒಮ್ಮೆಯಾದರೂ ಮುಖಾಮುಖಿ ಪರಿಚಯಿಸಬೇಕು. ಇದಕ್ಕೆ ನಾಲ್ಕರಿಂದ ಆರು ವಾರ ಇಬ್ಬರೂ ಒಟ್ಟಿಗೆ ಸಂಬಳದಲ್ಲಿರಬೇಕಾಗುತ್ತದೆ. ಯೋಜನೆ ಮುಚ್ಚುವ ಬಜೆಟ್ಟಿನಲ್ಲಿ ಈ ಆರು ವಾರದ ಹಣವನ್ನು ಮೊದಲೇ ತೆಗೆದಿಡದಿದ್ದರೆ ಹೊಸಬರ ಕೈಗೆ ಸಿಗುವುದು ಯಾರೂ ಎತ್ತದ ಫೋನ್ ನಂಬರ್‌ಗಳ ಒಂದು ಹಾಳೆ.